ಠ ಒಳಗಿನ ಚುಕ್ಕೆ: ಒಂದು ಕೆತ್ತನೆ ಬಾರಿನ ಜೊತೆ ಹದಿನಾಲ್ಕು ತಿಂಗಳು

ಕನ್ನಡ ಅಕ್ಷರಕ್ಕೂ ಚೈನ್ ಸಾಗೂ ಆಗಿಬರುವುದಿಲ್ಲ. ಇಂಗ್ಲಿಷಿನ ಎಲ್, ಟಿ, ಎಚ್ ಎಲ್ಲ ನೇರ ಗೆರೆ. ಮಷಿನ್ ಇಟ್ಟು ಎಳೆದರೆ ಮುಗಿಯಿತು. ನಮ್ಮದು ಬರೀ ಸುತ್ತು, ಕೊಂಬು, ಒತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಕಾರವಾರದಿಂದ ಒಬ್ಬರು ಫೋನ್ ಮಾಡಿ, ಸಂಗೀತ ಪಾಠಶಾಲೆಗೆ ಮರದ ಬೋರ್ಡು ಬೇಕು ಎಂದರು. ಖುಷಿಯಲ್ಲಿ ಹೂಂ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಪಾಠಶಾಲೆಯಲ್ಲಿ ಠ ಇದೆ. ದುಂಡಗಿನ ಹೊಟ್ಟೆ, ಅದರೊಳಗೆ ಒಂದು ಚುಕ್ಕೆ. ಆ ಚುಕ್ಕೆಗೋಸ್ಕರ ಈ ಬಾರ್ ತರಿಸಿದೆ. ಬಾರ್ ಅಂದರೆ ಚೈನ್ ಸಾದ ಮುಂದಿರುವ ಉದ್ದನೆಯ ಪಟ್ಟಿ, ಅದರ ಅಂಚಿನ ಸುತ್ತ ಚೈನ್ ಓಡುತ್ತದೆ.

ನಾನು ಶಿರಸಿಯವನು. ಪೇಟೆಯಿಂದ ಸ್ವಲ್ಪ ಹೊರಗೆ, ಕುಮಟಾ ರಸ್ತೆಯ ಕಡೆ, ತಗಡಿನ ಮಾಡಿನ ಕೆಳಗೆ ನನ್ನ ಕೆಲಸ. ಮೊದಲು ತೋಟದವರಿಗೆ ಮರ ಕಡಿದು ಕೊಡುತ್ತಿದ್ದೆ. ಗಾಳಿಗೆ ಬಿದ್ದಿದ್ದು, ಅಡಿಕೆಗೆ ನೆರಳಾಗಿದ್ದು, ಕರೆಂಟಿನ ತಂತಿ ಮೇಲೆ ಒರಗಿದ್ದು. ನಾಲ್ಕು ವರ್ಷದಿಂದ ಅದು ಬಿಟ್ಟಿದ್ದೇನೆ. ಈಗ ಚೈನ್ ಸಾದಲ್ಲಿ ಕೆತ್ತುವುದೇ ಹೊಟ್ಟೆಪಾಡು. ನವೆಂಬರ್‌ನಿಂದ ಮೇವರೆಗೆ ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆಯ ಹೋಮ್‌ಸ್ಟೇಗಳಿಂದ ಆರ್ಡರ್ ಬರುತ್ತದೆ. ಜೂನ್ ಬಂತೆಂದರೆ ದಿಮ್ಮಿಗೆ ಬೂಸು, ನನಗೆ ಖಾಲಿ ಕೈ. ಹಾಗಾಗಿ ಒಂದು ಸಾಮಾನು ತಗೊಳ್ಳುವ ಮೊದಲು ಮನೆಯಲ್ಲಿ ನಾಲ್ಕು ಸಲ ಚರ್ಚೆ ಆಗುತ್ತದೆ. ಲೆಕ್ಕದ ಪುಸ್ತಕ ಹೆಂಡತಿಯ ಕೈಲಿದೆ.

ಈಗ ಬಾರಿನ ವಿಷಯ. ಮಾಮೂಲಿ ಗರಗಸದ ಬಾರಿನ ಮೂತಿ ಅಗಲವಾಗಿ, ದುಂಡಗೆ ಇರುತ್ತದೆ. ಆ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಷಿನ್ ಎಗರಿ ಮುಖದ ಕಡೆಗೇ ಬರುತ್ತದೆ. ಮರ ಕಡಿಯುವವರೆಲ್ಲ ಹೆದರುವುದು ಇದಕ್ಕೇ. ಕೆತ್ತನೆ ಬಾರಿನ ಮೂತಿ ಮೀನಿನ ಬಾಯಿಯ ಹಾಗೆ ಚೂಪು. ಮೂತಿ ಸಣ್ಣದಾದಷ್ಟೂ ಒದೆತ ಕಡಿಮೆ. ಇದರಲ್ಲಿ ಎರಡು ಅಳತೆ ಜಾಸ್ತಿ ಓಡುತ್ತವೆ, ಎರಡಕ್ಕೂ ಅಮೆರಿಕದ ನಾಣ್ಯದ ಹೆಸರು: ಕ್ವಾರ್ಟರ್ ಮತ್ತು ಡೈಮ್. ಡೈಮ್ ನಾಣ್ಯ ನಮ್ಮ 1 ರೂಪಾಯಿಗಿಂತ ಸಣ್ಣದು, 18 ಮಿಲಿಮೀಟರ್ ಇದೆಯೋ ಇಲ್ಲವೋ ಅನ್ನುವಷ್ಟು. ನಾನು ತರಿಸಿದ್ದು ಡೈಮ್, 12 ಇಂಚು ಉದ್ದದ್ದು. ಈ ಕಲೆ ಬೆಳೆದಿದ್ದೂ ಆ ಕಡೆಯೇ. ಅಲ್ಲಿ ಪೈನ್ ಮರದಲ್ಲಿ ಕರಡಿ ಕೆತ್ತುತ್ತಾರೆ. ಪೈನ್ ಅಂದರೆ ಬೆಣ್ಣೆ. ನಮ್ಮ ಹಲಸು, ಸಾಗವಾನಿ ಮುಂದೆ ಇದು ಹೇಗೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಕಂಪನಿಯ ಹೆಸರು ಹೇಳುವುದಿಲ್ಲ. ನಾಲ್ಕಾರು ಕಂಪನಿಗಳು ಇಂಥದ್ದೇ ಮಾಡುತ್ತವೆ, ನಾನು ಬಳಸಿದ್ದು ಒಂದೇ. ಬಾರಿಗೆ 5,200, ಎರಡು ಚೈನಿಗೆ 1,900, ಚೈನ್ ಓಡಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್‌ಗೆ 1,300. ಒಟ್ಟು 8,400 ರೂಪಾಯಿ. ಮಷಿನ್ ಹಳೆಯದೇ, ನನ್ನ ಸಣ್ಣ ಗರಗಸ.

ಸ್ಪ್ರಾಕೆಟ್ ಯಾಕೆ ಅಂತ ಕೇಳಬಹುದು. ನಾನೂ ಕೇಳಿರಲಿಲ್ಲ, ಅದೇ ತಪ್ಪಾಯಿತು. ಸಣ್ಣ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 3/8 ಇಂಚು ಪಿಚ್‌ನ (ಕೊಂಡಿಗಳ ನಡುವಿನ ಅಂತರದ ಅಳತೆ) ಚೈನ್ ಇರುತ್ತದೆ. ಈ ಬಾರಿಗೆ ಬೇಕಾದದ್ದು 1/4 ಇಂಚಿನದು. ಆ ಚೈನ್ ಹಳೇ ಸ್ಪ್ರಾಕೆಟ್ ಮೇಲೆ ಕೂರುವುದೇ ಇಲ್ಲ. 6 ಹಲ್ಲಿನದು ತೆಗೆದು 8 ಹಲ್ಲಿನದು ಹಾಕಬೇಕು. ಆನ್‌ಲೈನಿನಲ್ಲಿ ಮಾರಿದ ಪುಣ್ಯಾತ್ಮ ಬಾರ್ ಮತ್ತು ಚೈನ್ ಮಾತ್ರ ಕಳಿಸಿದ. ಕೇಳಿದರೆ 'ಸರ್, ಅದು ಬೇರೆ ಐಟಂ' ಎಂದ. ಸ್ಪ್ರಾಕೆಟ್ ಬರಲು ಮತ್ತೆ ಒಂಬತ್ತು ದಿನ. ಕಾರವಾರದವರು ದಿನಕ್ಕೊಂದು ಫೋನ್. ನೀವು ತಗೊಳ್ಳುವುದಾದರೆ ಮೂರೂ ಒಟ್ಟಿಗೇ ತರಿಸಿ.

ಹಾಕುವುದು ಕಷ್ಟವಿಲ್ಲ, ಒಂದು ಸಣ್ಣ ಕ್ಲಿಪ್ ತೆಗೆದರೆ ಸಾಕು. ಆ ಕ್ಲಿಪ್ ನನ್ನ ಕೈಯಿಂದ ಹಾರಿ ಮರದ ಹೊಟ್ಟಿನ ರಾಶಿಯಲ್ಲಿ ಬಿತ್ತು. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಅರ್ಧ ಗಂಟೆ ಹುಡುಕಿದೆ. ಹುಡುಕಿ ಕೊಟ್ಟಿದ್ದು ಮಗಳು. ಕ್ಲಿಪ್ ಬಿಚ್ಚುವಾಗ ಕೆಳಗೆ ಒಂದು ಪಂಚೆ ಹಾಸಿಕೊಳ್ಳಿ.

ಇನ್ನು ಠ. ಎಂಟು ಇಂಚು ಎತ್ತರದ ಅಕ್ಷರ, ಒಣಗಿದ ಹಲಸಿನ ಹಲಗೆ. ಮೊದಲು ಹೊರಗಿನ ಸುತ್ತು. ಮಾಮೂಲಿ ಬಾರಿನಲ್ಲಿ ಸುತ್ತು ಅಂದರೆ ಎಂಟು ಹತ್ತು ನೇರ ಗೆರೆ ಜೋಡಿಸಿ, ಆಮೇಲೆ ಉಳಿಯಲ್ಲಿ ಮೂಲೆ ಸವರುವುದು. ಇದರಲ್ಲಿ ಮೂತಿ ತಾಗಿಸಿ ಮಣಿಕಟ್ಟು ತಿರುಗಿಸಿದರೆ ಗೆರೆ ತಾನೇ ಬಾಗಿತು. ಪೆನ್ಸಿಲ್ ಗುರುತಿನ ಮೇಲೇ ಹೋಯಿತು. ಆಮೇಲೆ ಚುಕ್ಕೆ. ಮೂತಿಯನ್ನು ನೇರವಾಗಿ ಮರಕ್ಕೆ ಚುಚ್ಚಬೇಕು. ಹದಿನೈದು ವರ್ಷ 'ಮೂತಿ ಚುಚ್ಚಬೇಡ, ಚುಚ್ಚಬೇಡ' ಎಂದು ನನಗೆ ನಾನೇ ಹೇಳಿಕೊಂಡವನು. ಕೈ ಒಪ್ಪಲಿಲ್ಲ. ಎರಡು ಸಲ ಹತ್ತಿರ ತಂದು ಹಿಂದೆ ತೆಗೆದೆ. ಮೂರನೇ ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಡಗೈ ಬಿಗಿ ಹಿಡಿದು ಚುಚ್ಚಿದೆ. ಒಂದು ಸಣ್ಣ ನಡುಕ, ಅಷ್ಟೇ. ಒಂದೇ ಸಲ ಚುಚ್ಚಿದರೆ ಸೀಳು ಬೀಳುತ್ತದೆ, ಗುಂಡಿಯಾಗುವುದಿಲ್ಲ. ಅದಕ್ಕೆ ನಾಲ್ಕು ದಿಕ್ಕಿನಿಂದ ಚುಚ್ಚಿ, ನಡುವಿನದ್ದು ತೆಗೆದೆ. ಉಳಿ ಮುಟ್ಟಲೇ ಇಲ್ಲ. ಮಷಿನ್ ಆಫ್ ಮಾಡಿ, ಗುಂಡಿಗೆ ಬೆರಳಿಟ್ಟು ನೋಡಿದೆ. ಹೆಬ್ಬೆರಳು ಸರಿಯಾಗಿ ಕೂತಿತು.

ಹಾಗಂತ ಒದೆತವೇ ಇಲ್ಲ ಅಂದುಕೊಳ್ಳಬೇಡಿ. ಕಡಿಮೆ, ಅಷ್ಟೇ. ಚೈನ್ ಮೊಂಡಾಗಿದ್ದರೆ ಇದೂ ಎಗರುತ್ತದೆ. ಕಾಲಿಗೆ ಚಾಪ್ಸ್ (ಚೈನ್ ತಾಗಿದರೆ ತಡೆಯುವ ದಪ್ಪ ಹೊದಿಕೆ), ಕಣ್ಣಿಗೆ ಜಾಲರಿ, ಕಿವಿಗೆ ಮಫ್ ಬೇಕೇ ಬೇಕು. ಸದ್ದು 100 ಡೆಸಿಬಲ್ ದಾಟುತ್ತದೆ. ಕಾರವಾರದ ಸೆಕೆಯಲ್ಲಿ ಚಾಪ್ಸ್ ಹಾಕಿಕೊಂಡು ಎರಡು ದಿನ ಕೆಲಸ ಮಾಡಿದ್ದೇನೆ, ಒದ್ದೆ ಕಂಬಳಿ ಸುತ್ತಿಕೊಂಡ ಹಾಗಿರುತ್ತದೆ. ಆದರೂ ಹಾಕಿ.

ಈಗ ತಕರಾರು. ಈ ಬಾರಿನ ಮೂತಿಯಲ್ಲಿ ತಿರುಗುವ ಚಕ್ರ ಇಲ್ಲ. ಗಟ್ಟಿ ಲೋಹದ ಅಂಚಿನ ಮೇಲೆ ಚೈನ್ ಉಜ್ಜಿಕೊಂಡೇ ಓಡಬೇಕು. ಆದ್ದರಿಂದ ಬೇಗ ಕಾಯುತ್ತದೆ. ಚೈನನ್ನು ಮಾಮೂಲಿಗಿಂತ ತುಸು ಸಡಿಲ ಬಿಡಬೇಕು, ಎಣ್ಣೆ ಧಾರಾಳವಾಗಿ ಬರುತ್ತಿರಬೇಕು. ಮೂತಿಯನ್ನು ಒಂದು ಕಾಗದದ ಕಡೆ ಹಿಡಿದು ರೇಸ್ ಮಾಡಿ, ಎಣ್ಣೆಯ ಗೆರೆ ಬೀಳದಿದ್ದರೆ ಕೆಲಸ ಶುರು ಮಾಡಬೇಡಿ. ನಾನು ಒಂದು ದಿನ ಅವಸರದಲ್ಲಿ ಇದರಲ್ಲೇ ಒಂದು ದಿಮ್ಮಿ ತುಂಡು ಮಾಡಲು ಹೋದೆ. ಮೂತಿ ಕಾದು ನೀಲಿಯಾಯಿತು. ತಪ್ಪು ನನ್ನದೇ. ಇದು ಗೆರೆ ಎಳೆಯುವ ಸಾಮಾನು, ದಿಮ್ಮಿ ಕಡಿಯುವುದಕ್ಕೆ ದೊಡ್ಡ ಬಾರ್ ಬೇರೆ ಮಷಿನಿನಲ್ಲಿ ಇರಲಿ.

ಎರಡನೆಯದು ಅರ ಹಾಕುವ ಕೆಲಸ. ಹಲ್ಲು ಅಕ್ಕಿಕಾಳಿನಷ್ಟು ಸಣ್ಣವು, ಲೆಕ್ಕದಲ್ಲಿ ಮೊದಲಿನ ಒಂದೂವರೆ ಪಟ್ಟು. 4 ಮಿಲಿಮೀಟರ್ ಅರ ಬೇಕು, ನನ್ನ ವಯಸ್ಸಿಗೆ ಕನ್ನಡಕವೂ ಬೇಕು. ಸಾಗವಾನಿ ಕೆತ್ತಿದ ದಿನ ಎರಡು ಮೂರು ಸಲ ಅರ ಹಾಕುತ್ತೇನೆ. ಆ ಮರದಲ್ಲಿ ಮರಳಿನ ಅಂಶ ಇದೆ, ಹಲ್ಲು ತಿನ್ನುತ್ತದೆ. ಮಣ್ಣು ಹತ್ತಿದ ತೊಗಟೆ ಇದ್ದರೆ ಮೊದಲೇ ಸುಲಿದುಬಿಡಿ.

ಮೂರನೆಯದು ಹಲಸಿನ ಮೇಣ. ಇದನ್ನು ಯಾವ ವಿಡಿಯೋದಲ್ಲೂ ನಾನು ನೋಡಲಿಲ್ಲ. ಹಸಿ ಹಲಸು ಕೆತ್ತಿದರೆ ಮೇಣವೂ ಹೊಟ್ಟೂ ಸೇರಿ ಚೈನ್ ಓಡುವ ಬಾರಿನ ಸಂದಿಯಲ್ಲಿ ಕೂತು, ಚಕ್ಕುಲಿ ಹಿಟ್ಟಿನ ಹಾಗೆ ಗಟ್ಟಿಯಾಗುತ್ತದೆ. ಎಣ್ಣೆಯ ತೂತು ಮುಚ್ಚುತ್ತದೆ, ಮತ್ತೆ ಮೂತಿ ಕಾಯುತ್ತದೆ. ಅಗಲ ಬಾರಿನಲ್ಲಿ ಇಷ್ಟು ಗೊತ್ತಾಗುತ್ತಿರಲಿಲ್ಲ. ಹಲಸಿನಹಣ್ಣು ಕೊಯ್ಯುವಾಗ ಅಮ್ಮ ಚೂರಿಗೆ ಕೊಬ್ಬರಿ ಎಣ್ಣೆ ಸವರುತ್ತಾರಲ್ಲ, ಅದನ್ನೇ ಮಾಡಿದೆ. ಚೈನ್ ಬಿಚ್ಚಿ, ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದರೆ ಹಗ್ಗದ ಹಾಗೆ ಎದ್ದು ಬರುತ್ತದೆ. ಈಗ ಹಸಿ ಹಲಸು ಮುಟ್ಟುವುದೇ ಕಮ್ಮಿ ಮಾಡಿದ್ದೇನೆ.

ಲಾಭ ಎಲ್ಲಿ ಆಯಿತು ಅಂದರೆ ಸಮಯದಲ್ಲಿ. ದಾಂಡೇಲಿ ಕಡೆಯವರಿಗೆ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಜೋಡಿ ಮಾಡಿದೆ. ಗಂಡಿಗೆ ಕೆಂಪು ಕಣ್ಣು, ಹೆಣ್ಣಿಗೆ ಬಿಳಿ, ಅದನ್ನು ಬಣ್ಣದಲ್ಲಿ ತೋರಿಸಿದೆ. ಕಣ್ಣಿನ ಗುಳಿ ಮತ್ತು ರೆಕ್ಕೆಯ ಗೆರೆ ಪೂರ್ತಿ ಈ ಬಾರಿನದೇ. ಉಳಿಯಲ್ಲಾದರೆ ರೆಕ್ಕೆಗೇ ಎರಡು ದಿನ, ಇದರಲ್ಲಿ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಪಕ್ಕದ ಮನೆಯ ಗುಡಿಗಾರ ಅಜ್ಜ ನೋಡಲು ಬಂದರು. ಅವರ ಮನೆತನದವರು ಗಂಧದ ಮರದಲ್ಲಿ ಕೂದಲೆಳೆಯ ಬಳ್ಳಿ ಕೆತ್ತಿದವರು. ನನ್ನ ಕೆಲಸವನ್ನು ಅವರು ಯಾವತ್ತೂ ಕೆತ್ತನೆ ಅಂದಿಲ್ಲ, 'ಕಡಿಯೋದು' ಅನ್ನುತ್ತಾರೆ. ಅವತ್ತು ರೆಕ್ಕೆಯ ಗೆರೆಗೆ ಉಗುರು ಹಾಕಿ ಎಳೆದು, 'ತಮಾ, ಯಾವ ಉಳಿ?' ಎಂದರು.

'ಉಳಿ ಅಲ್ಲ ಅಜ್ಜ, ಮಷಿನ್ನೇ.'

'ಹೌದಾ? ತಳದಲ್ಲಿ ಹೊಟ್ಟು ನಿಂತಿದೆ ನೋಡು, ಬ್ರಷ್ ಹಾಕು' ಎಂದು ಕವಳ ಉಗಿಯಲು ಆಚೆ ಹೋದರು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಮೂತಿ ಕಾಯುವುದಕ್ಕೆ. ವರ್ಷಕ್ಕೆ ಎರಡು ಗಣಪತಿ, ಒಂದು ಸ್ಟೂಲು ಮಾಡುವವರಿಗೆ ಇದು ಬೇಡ, ಸುಮ್ನೆ ದುಡ್ಡು ದಂಡ. ಮಾಮೂಲಿ ಬಾರ್ ಮತ್ತು ಒಂದು ಒಳ್ಳೆ ಉಳಿ ಸಾಕು. ಇದರಿಂದಲೇ ಅಕ್ಕಿ ಬೇಳೆ ತರುವವರಾದರೆ ತಗೊಳ್ಳಿ. ನನ್ನ 8,400 ಮೂರನೇ ಆರ್ಡರಿಗೆ ವಾಪಸ್ ಬಂತು ಅಂತ ಲೆಕ್ಕದ ಪುಸ್ತಕ ಹೇಳುತ್ತದೆ.

ನೀಲಿಯಾದ ಮೂತಿ ಇನ್ನೊಂದು ಸೀಸನ್ ಬರುವುದು ಅನುಮಾನ. ಎರಡನೇ ಬಾರ್ ತರಿಸಿಯಾಗಿದೆ. ಹೊರಗೆ ಮೂರು ದಿನದಿಂದ ಮಳೆ ಹನಿ ಕಡಿದಿಲ್ಲ. ಹೊಸದಕ್ಕೆ ಎಣ್ಣೆ ಸವರಿ, ಹಳೇ ಲುಂಗಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ.