ಎಲೆಕ್ಟ್ರಿಕ್ ಗಿಟಾರ್ ನುಡಿಸುವವರೇ, ಅಕೂಸ್ಟಿಕ್ ಕೊಳ್ಳುವಾಗ ನಿಮ್ಮ ಕೈಯನ್ನು ನಂಬಬೇಡಿ

14,500 ರೂಪಾಯಿ ಕೊಟ್ಟು ತಂದ ಅಕೂಸ್ಟಿಕ್ (ಮರದ ಮೈಯಿಂದಲೇ ಸದ್ದು ಮಾಡುವ) ಗಿಟಾರನ್ನು ಹೋದ ತಿಂಗಳು 4,000ಕ್ಕೆ ಕೊಟ್ಟುಬಿಟ್ಟೆ. ರಿಪೇರಿಗೆ ಹಾಕಿದ ದುಡ್ಡು ಬೇರೆ. ದಾವಣಗೆರೆಯಲ್ಲಿ ನನ್ನ ಹಾಗೆ ವರ್ಷಗಟ್ಟಲೆ ಎಲೆಕ್ಟ್ರಿಕ್ ನುಡಿಸಿ, ಈಗ ಒಂದು ಅಕೂಸ್ಟಿಕ್ ತಗೊಳ್ಳೋಣ ಅಂತ ಹೊರಟವರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ.

ನಾನು ಎಲೆಕ್ಟ್ರಿಕ್ ಹಿಡಿದು 12 ವರ್ಷ ಆಯಿತು. ಗಣೇಶನ ಪೆಂಡಾಲು, ಆರ್ಕೆಸ್ಟ್ರಾ, ಮದುವೆ ಆರತಕ್ಷತೆ ಎಲ್ಲ ಆಗಿದೆ. ಅಕೂಸ್ಟಿಕ್ ಬೇಕು ಅಂತ ಅನ್ನಿಸಿದ್ದು ಅಕ್ಕನಿಂದ. ಅವಳು ಭಾವಗೀತೆ ಚೆನ್ನಾಗಿ ಹಾಡುತ್ತಾಳೆ. ನಿಟುವಳ್ಳಿಯಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶ ಏಪ್ರಿಲ್‌ನಲ್ಲಿ ಇತ್ತು. "ಆ ಡಬ್ಬ, ವೈರು, ಕಿರುಚಾಟ ಏನೂ ಬ್ಯಾಡೋ. ಜಮಖಾನೆ ಮೇಲೆ ನನ್ನ ಪಕ್ಕ ಕೂತು ನುಡಿಸು, ಸಾಕು" ಅಂದಳು. ಅವಳು ಡಬ್ಬ ಅಂದದ್ದು ಗಿಟಾರಿನ ಸದ್ದು ದೊಡ್ಡದು ಮಾಡುವ ನನ್ನ ಆಂಪ್‌ಗೆ.

ಫೆಬ್ರವರಿಯಲ್ಲಿ ಅಂಗಡಿಗೆ ಹೋದೆ. ಏಳೆಂಟು ಗಿಟಾರ್ ಕೈಗೆ ಕೊಟ್ಟರು. ಮೊದಲನೆಯದು ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್. (ಹೆಸರು ಬಂದಿದ್ದೇ 1906ರ ಒಂದು ಬ್ರಿಟಿಷ್ ಯುದ್ಧನೌಕೆಯಿಂದ. ತೊಡೆ ಮೇಲೆ ಇಟ್ಟುಕೊಂಡರೆ ಹಡಗು ಅನ್ನೋದು ಸರಿ ಅನ್ನಿಸುತ್ತದೆ.) ಬಲಗೈ ಮೇಲೆತ್ತಿ ಹಿಡಿಯಬೇಕು, ತಂತಿ ದಪ್ಪ, ಬೆರಳು ಉರಿ. ಪಕ್ಕಕ್ಕೆ ಇಟ್ಟೆ. ಆಮೇಲೆ ಒಂದು ನೀಲಿ ಗಿಟಾರ್ ಬಂತು. ತೆಳ್ಳಗಿನ ಮೈ, ಮೇಲಿನ ಫ್ರೆಟ್‌ಗಳಿಗೆ (ಸ್ವರ ಒತ್ತುವ ಜಾಗದ ಅಡ್ಡ ಲೋಹದ ಪಟ್ಟಿಗಳು) ಕೈ ಹೋಗಲಿ ಅಂತ ಒಂದು ಕಡೆ ಕತ್ತರಿಸಿದ ಹೆಗಲು, ಸಣ್ಣ ನೆಕ್ (ಎಡಗೈ ಹಿಡಿಯುವ ಕತ್ತು), ಬೆಣ್ಣೆ ಥರ ಒತ್ತಿಸಿಕೊಳ್ಳುವ ತಂತಿ.

"ನೀವು ಲೀಡ್ ನುಡಿಸೋರು ಅಲ್ವಾ ಸಾರ್? ನಿಮಗೆ ಇದೇ ಸರಿ. ಎಲೆಕ್ಟ್ರಿಕ್ ಇದ್ದಂಗೇ ಐತಿ" ಅಂದರು ಅಂಗಡಿಯವರು.

ಹೌದು, ಇದ್ದಂಗೇ ಇತ್ತು. ನಾನು ಬಿದ್ದಿದ್ದೇ ಅಲ್ಲಿ. ಅವರು ಕೇಬಲ್ ಚುಚ್ಚಿ, ಆಂಪ್‌ನಲ್ಲಿ ಸ್ವಲ್ಪ ರಿವರ್ಬ್, ಅಂದರೆ ಪ್ರತಿಧ್ವನಿ, ಹಾಕಿದರು. ಅಂಗಡಿ ತುಂಬಾ ನಾದ. ಹತ್ತು ನಿಮಿಷದಲ್ಲಿ ಫೋನ್ ತೆಗೆದು ದುಡ್ಡು ಹಾಕಿದೆ. ಕೇಬಲ್ ಕಿತ್ತು ಒಂದೇ ಒಂದು ಸಲ ಮೀಟಿ ನೋಡಲಿಲ್ಲ.

ಭಾನುವಾರ ಅಕ್ಕನ ಹಳೇ ಮನೆಯಲ್ಲಿ ಅಭ್ಯಾಸ. ಅವಳ ಶ್ರುತಿ ಐದೂವರೆ, ಅಂದರೆ ಜಿ ಶಾರ್ಪ್. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಜಿ ಕಾರ್ಡಿನ ಆಕಾರಗಳಲ್ಲಿ ನುಡಿಸಿದರೆ ಸರಿಹೋಗುತ್ತದೆ. ಶುರು ಮಾಡಿದೆವು. ಎರಡು ಸಾಲು ಹಾಡಿ ನಿಲ್ಲಿಸಿದಳು.

"ನುಡಿಸೋ."

"ನುಡಿಸ್ತಾ ಇದೀನಲ್ಲ."

"ಫ್ಯಾನ್ ಆರಿಸು ನೋಡೋಣ."

ಫ್ಯಾನ್ ಆರಿಸಿದ ಮೇಲೆ ಕೇಳಿಸಿತು. ಸೊಳ್ಳೆ ಹಾಡಿದ ಹಾಗೆ.

ಇದರ ಕಾರಣ ನನಗೆ ಅಂಗಡಿಯಲ್ಲೇ ಹೊಳೆಯಬೇಕಿತ್ತು. ಎಲೆಕ್ಟ್ರಿಕ್‌ನಲ್ಲಿ ಮರದ ಮೈ ತಂತಿಯನ್ನು ಹಿಡಿದುಕೊಂಡು ನಿಂತರೆ ಸಾಕು. ತಂತಿಯ ಅಲುಗಾಟವನ್ನು ಪಿಕಪ್‌ನ ಆಯಸ್ಕಾಂತ ಹಿಡಿಯುತ್ತದೆ, ಸದ್ದು ಮಾಡುವುದು ಆಂಪ್. ಅಕೂಸ್ಟಿಕ್‌ನಲ್ಲಿ ಆಂಪ್ ಅಂದರೆ ಮುಂದಿನ ಹಲಗೆಯೇ. ತಂತಿ ಅಲುಗಿದರೆ ಅದನ್ನು ಹಲಗೆಗೆ ಕಟ್ಟಿದ ಬ್ರಿಜ್ ಅಲುಗಬೇಕು, ಬ್ರಿಜ್ ಅಲುಗಿದರೆ ಹಲಗೆ ಅಲುಗಬೇಕು, ಹೊಟ್ಟೆಯೊಳಗಿನ ಗಾಳಿ ಅದರ ಜೊತೆ ಕುಣಿಯಬೇಕು. ತಂತಿ ಸಣ್ಣ ಇದ್ದರೆ ಹಲಗೆಯನ್ನು ಅಲುಗಾಡಿಸುವ ಶಕ್ತಿ ಕಡಿಮೆ. ಮೈ ತೆಳ್ಳಗಿದ್ದರೆ ಗಾಳಿ ಕಡಿಮೆ, ದಪ್ಪ ಸ್ವರ ಹುಟ್ಟುವುದಿಲ್ಲ. ನನ್ನ ಕೈಗೆ ಹಿತವಾಗಿದ್ದ ಒಂದೊಂದು ಗುಣವೂ ಸದ್ದನ್ನು ತಿನ್ನುವ ಗುಣವೇ ಆಗಿತ್ತು.

ಸರಿ, ತಂತಿ ಬದಲಿಸೋಣ ಅಂದುಕೊಂಡೆ. ಅದರಲ್ಲಿ ಇದ್ದದ್ದು 10ರ ಸೆಟ್. ಅಂದರೆ ಎಲ್ಲಕ್ಕಿಂತ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರ ಭಾಗದಲ್ಲಿ 10 ಭಾಗ. ಅಕೂಸ್ಟಿಕ್‌ಗೆ ಜಾಸ್ತಿ ಜನ ಹಾಕುವುದು 12ರಿಂದ (ಸಣ್ಣ ತಂತಿ) 53ರ (ದಪ್ಪ ತಂತಿ) ಸೆಟ್. ಅದನ್ನೇ ಹಾಕಿದೆ. ಸದ್ದು ನಿಜವಾಗಿ ಏರಿತು. ಅದರ ಜೊತೆ ಬೇರೆ ತಾಪತ್ರಯಗಳೂ ಬಂದವು. ಎಲೆಕ್ಟ್ರಿಕ್‌ನಲ್ಲಿ ಮೂರನೆಯ ತಂತಿ ಬರೀ ಉಕ್ಕಿನದು, ಒತ್ತಿದ ಬೆರಳಲ್ಲೇ ಪಕ್ಕಕ್ಕೆ ಎಳೆದರೆ ಆರಾಮಾಗಿ ಒಂದು ಸ್ವರ ಮೇಲೆ ಹೋಗುತ್ತದೆ. ಇಲ್ಲಿ ಅದರ ಮೇಲೆ ಕಂಚಿನ ಸುತ್ತು. ಎಳೆದರೆ ಬೆರಳ ಚರ್ಮ ಬರುತ್ತದೆ, ಸ್ವರ ಬರುವುದಿಲ್ಲ.

ಅದಕ್ಕಿಂತ ದೊಡ್ಡದು ಬಿಗಿದ ತಂತಿಗಳ ಎಳೆತ. ನನ್ನ ಎಲೆಕ್ಟ್ರಿಕ್‌ನ 9ರ ಸೆಟ್ ನೆಕ್ಕಿನ ಮೇಲೆ ಹಾಕುವ ಎಳೆತ ಒಟ್ಟು ಸುಮಾರು 38 ಕಿಲೋ. 12ರ ಅಕೂಸ್ಟಿಕ್ ಸೆಟ್ ಎಳೆಯುವುದು 70 ಕಿಲೋಗಿಂತ ಜಾಸ್ತಿ. 25 ಕಿಲೋ ಅಕ್ಕಿ ಚೀಲ ಮೂರು, ಹಗಲೂ ರಾತ್ರಿ ಬ್ರಿಜ್‌ಗೆ ಜೋತುಬಿದ್ದ ಹಾಗೆ. ಸರಿಯಾಗಿ ಕಟ್ಟಿದ ಗಿಟಾರ್ ಇದನ್ನು ತಡೆದುಕೊಳ್ಳುತ್ತದೆ. ನನ್ನದರಲ್ಲಿ ಒಂದು ವಾರಕ್ಕೆ ಬ್ರಿಜ್‌ನ ಹಿಂದಿನ ಹಲಗೆ ಉಬ್ಬಿತು. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ 2 ಮಿಲಿಮೀಟರ್ ಇದ್ದದ್ದು 3 ದಾಟಿತು.

ಎಲೆಕ್ಟ್ರಿಕ್ ಆಗಿದ್ದರೆ ಬ್ರಿಜ್‌ನಲ್ಲಿ ಆಲೆನ್ ಕೀ ತಿರುಗಿಸಿ ಇಳಿಸುತ್ತಿದ್ದೆ. ಇಲ್ಲಿ ಸ್ಕ್ರೂ ಹುಡುಕಿದೆ, ಇಲ್ಲ. ಬ್ರಿಜ್‌ನಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿಯಂಥ ಸ್ಯಾಡಲ್ ಅಷ್ಟೇ. ಅದನ್ನು ತೆಗೆದು ತಳದಲ್ಲಿ ಉಜ್ಜಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಹೋಗಬೇಕು. ಜಾಸ್ತಿ ಉಜ್ಜಿದರೆ ವಾಪಸ್ ಬರುವುದಿಲ್ಲ, ಹೊಸದೇ ಬೇಕು. ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಸ್ಯಾಡಲ್ ಮುಟ್ಟಲೇ ಇಲ್ಲ, ಟ್ರಸ್ ರಾಡ್ ತಿರುಗಿಸಿದ. ನೆಕ್ಕಿನೊಳಗಿನ ಈ ಸರಳು ಇರುವುದು ನೆಕ್ಕಿನ ಬಾಗು ಸರಿಮಾಡಲು, ತಂತಿ ಇಳಿಸಲು ಅಲ್ಲ. ಮನೆಗೆ ಬಂದರೆ ಮೊದಲ ಮೂರು ಫ್ರೆಟ್‌ನಲ್ಲಿ ಝರ್ ಅನ್ನುವ ಸದ್ದು, ಹನ್ನೆರಡರಲ್ಲಿ ತಂತಿ ಇನ್ನೂ ಆಕಾಶದಲ್ಲೇ.

ಗೃಹಪ್ರವೇಶದ ದಿನ ಬಂತು. ನಮ್ಮೂರಿನ ಏಪ್ರಿಲ್ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ಐದಕ್ಕೆ ಹಾಡು. ಮನೆ ತುಂಬಾ ಜನ ಇದ್ದಾರೆ, ಮಕ್ಕಳು ಎಡವುತ್ತಾರೆ ಅಂತ ಗಿಟಾರನ್ನು ಕಾರಿನಲ್ಲೇ ಬಿಟ್ಟೆ. ಇದು ಪೂರ್ತಿ ನನ್ನದೇ ತಪ್ಪು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಂಟು ಮೆತ್ತಗಾಗುತ್ತದೆ. ಐದು ಗಂಟೆಗೆ ತಂದು ಶ್ರುತಿ ಮಾಡಿದೆ, ನಿಲ್ಲಲಿಲ್ಲ. ಮತ್ತೆ ಮಾಡಿದೆ. ಎರಡನೆಯ ಹಾಡಿನ ಮಧ್ಯೆ ಟಕ್ ಅಂತ ಒಂದು ಸದ್ದು. ಎಲ್ಲ ತಂತಿಗಳ ಶ್ರುತಿಯೂ ಒಟ್ಟಿಗೆ ಕೆಳಗೆ ಜಾರಿತು. ನೋಡಿದರೆ ಬ್ರಿಜ್‌ನ ಹಿಂದಿನ ಅಂಚು ಬಾಯಿ ಬಿಟ್ಟಿದೆ. ಅಕ್ಕ ಹಾಡು ನಿಲ್ಲಿಸಲಿಲ್ಲ. ಫೋನಿನ ತಂಬೂರಿ ಆ್ಯಪ್ ಇಟ್ಟುಕೊಂಡು ಉಳಿದ ನಾಲ್ಕು ಹಾಡನ್ನೂ ಮುಗಿಸಿದಳು. ನಾನು ಪಾನಕ ಹಂಚಿದೆ.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. "ಬೇರೆ ತಂತಿ ಹಾಕೀರಿ, ಬಿಸಿಲಿಗೆ ಇಟ್ಟೀರಿ, ಏನ್ ಮಾಡೋಕಾಗುತ್ತೆ ಸಾರ್" ಅಂದರು. ಬಿಸಿಲಿನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ರೈಲಿನಲ್ಲಿ ಬೆಂಗಳೂರಿಗೆ ಒಯ್ದು, ಗಿಟಾರ್ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಬ್ರಿಜ್ ಪೂರ್ತಿ ಬಿಡಿಸಿ ತಿರುಗಿಸಿ ಹಿಡಿದರು. ಅದರ ಅಡಿಯಲ್ಲಿ ಮರವೇ ಕಾಣಲಿಲ್ಲ, ಹೊಳೆಯುವ ನೀಲಿ ಬಣ್ಣ. ಬಣ್ಣವನ್ನು ಕೆರೆದು ಮರಕ್ಕೆ ಅಂಟಿಸುವ ಬದಲು ಪಾಲಿಶ್ ಮೇಲೇ ಅಂಟಿಸಿದ್ದರು. ಬಿಸಿಲು ಒಂದು ನೆಪ, ಇವತ್ತಲ್ಲ ನಾಳೆ ಏಳುತ್ತಿತ್ತು ಅಂದರು. ಲೇಬಲ್‌ನಲ್ಲಿ "ಸ್ಪ್ರೂಸ್ ಟಾಪ್" ಅಂತ ಇತ್ತು. ನಾನು ಇಡೀ ಹಲಗೆ ಅಂದುಕೊಂಡಿದ್ದೆ. ಅದು ಪ್ಲೈ, ಮೇಲಿನ ಪದರ ಮಾತ್ರ ಸ್ಪ್ರೂಸ್. ರಿಪೇರಿಗೆ 2,500 ತಗೊಂಡರು. 10ರ ಸೆಟ್ ಬಿಟ್ಟು ಬೇರೆ ಹಾಕಬೇಡಿ ಅಂತ ಹೇಳಿ ಕಳಿಸಿದರು.

ಪ್ಲೈ ಅಂದರೆ ಕೆಟ್ಟದ್ದು ಅಂತ ಅಲ್ಲ. ಗಟ್ಟಿಮುಟ್ಟು, ಹವೆ ಬದಲಾದರೂ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಆದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕಲ್ವಾ? "ಸಾಲಿಡ್" (ಪದರವಿಲ್ಲದ ಇಡೀ ಮರ) ಅನ್ನುವ ಪದ ಇಲ್ಲದಿದ್ದರೆ ಪ್ಲೈ ಅಂತಲೇ ತಿಳಿದುಕೊಳ್ಳಿ. ಯಮಹಾದ ಎಫ್310, ಎಫ್‌ಜಿ800 ಎರಡರ ಮುಂದಿನ ಹಲಗೆಗೂ ಸ್ಪ್ರೂಸ್ ಹೆಸರೇ ಇದೆ. ಮೊದಲನೆಯದು ಪ್ಲೈ, ಎರಡನೆಯದು ಸಾಲಿಡ್. ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲು ಅದಕ್ಕೇ. ಅನುಮಾನ ಬಂದರೆ ಮಧ್ಯದ ತೂತಿನ ಅಂಚಿಗೆ ಟಾರ್ಚ್ ಬಿಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗೆ ಇಳಿದಿದ್ದರೆ ಸಾಲಿಡ್. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈ.

ಅಂಗಡಿಯಲ್ಲಿ ಕೇಬಲ್ ಚುಚ್ಚಲು ಬಿಡಬೇಡಿ, ಕೊನೆಯವರೆಗೂ. ಸ್ಯಾಡಲ್ ಕೆಳಗಿನ ಪೀಜೋ ಪಿಕಪ್ಪು, 9 ವೋಲ್ಟ್ ಬ್ಯಾಟರಿಯ ಪ್ರೀಆಂಪು ಯಾವ ಹಲಗೆಗೂ ಒಂದು ಮಟ್ಟದ ಸದ್ದು ಕೊಟ್ಟುಬಿಡುತ್ತವೆ. ಯಾವ ಸೆಟ್ ತಂತಿ ಹಾಕಿದ್ದಾರೆ ಅಂತ ಕೇಳಿ. ಆಮೇಲೆ ಗಿಟಾರನ್ನು ಇನ್ನೊಬ್ಬರ ಕೈಗೆ ಕೊಟ್ಟು ನೀವು ಎಂಟು ಹತ್ತು ಅಡಿ ದೂರ ಎದುರಿಗೆ ನಿಲ್ಲಿ. ಅಕೂಸ್ಟಿಕ್‌ನ ಸದ್ದು ಮುಂದಕ್ಕೆ ಹೋಗುತ್ತದೆ, ನುಡಿಸುವವನ ಕಿವಿಗೆ ಪೂರ್ತಿ ಸಿಗುವುದಿಲ್ಲ. ಫ್ಯಾನ್ ಹಾಕಿಯೇ ಕೇಳಿ.

ಆರಾಮಾಗಿ ಒತ್ತಬಹುದು ಅನ್ನಿಸಿದರೆ ಖುಷಿಪಡುವ ಮುಂಚೆ ಸ್ಯಾಡಲ್ ನೋಡಿ. ಅದು ಬ್ರಿಜ್‌ನಿಂದ ಎರಡು ಮೂರು ಮಿಲಿಮೀಟರ್ ಆದರೂ ಮೇಲೆ ಇರಬೇಕು. ಆಗಲೇ ಉಜ್ಜಿ ಉಜ್ಜಿ ಮುಳುಗಿಸಿದ್ದರೆ ಮುಂದೆ ಇಳಿಸಲು ಜಾಗವೇ ಇಲ್ಲ. ಒಂದೊಂದು ತಂತಿಯಲ್ಲೂ ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬರೀ ಬೆರಳು ತಾಗಿಸಿ ಮೀಟಿದ ಸ್ವರ), ಅಲ್ಲೇ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ಗೆ ಕೇಳಿಸಿ. ಎರಡೂ ಒಂದೇ ಇರಬೇಕು. ಎಲೆಕ್ಟ್ರಿಕ್‌ನಲ್ಲಿ ವ್ಯತ್ಯಾಸ ಬಂದರೆ ಸ್ಕ್ರೂ ತಿರುಗಿಸಿ ಸರಿಮಾಡುತ್ತೇವೆ. ಇಲ್ಲಿ ಸ್ಯಾಡಲ್ ಕೂತಲ್ಲೇ ಕೂತಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು, ಚಿತ್ರದುರ್ಗದವರಿಗೂ ಸೇರಿಸಿ. ಗಿಟಾರಿನ ಮರಕ್ಕೆ ಗಾಳಿಯ ತೇವ 45ರಿಂದ 55 ಪರ್ಸೆಂಟ್ ಇದ್ದರೆ ಹಿತ. ಮಾರ್ಚ್ ಏಪ್ರಿಲ್ ಒಣಹವೆಯಲ್ಲಿ ಮರ ಕುಗ್ಗುತ್ತದೆ, ನೆಕ್ಕಿನ ಪಕ್ಕಕ್ಕೆ ಫ್ರೆಟ್‌ನ ತುದಿಗಳು ಗರಗಸದ ಹಾಗೆ ತಾಗುತ್ತವೆ. ಸಾಲಿಡ್ ಹಲಗೆ ಆದರೆ ಬಿರುಕೂ ಬಿಡಬಹುದು. ನಾನು ಈಗ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು ಕೇಸಿನೊಳಗೆ ಹಾಕುತ್ತೇನೆ. ಸುಮ್ನೆ ಗೋಡೆಗೆ ನೇತುಹಾಕುವುದು ನೋಡಲು ಚೆಂದ, ಅಷ್ಟೇ.

ಎರಡನೆಯದನ್ನು ಕೊಂಡದ್ದು ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ. ಡ್ರೆಡ್‌ನಾಟ್‌ಗಿಂತ ಸಣ್ಣ, ಕಾನ್ಸರ್ಟ್ ಮೈಯ, ಸಾಲಿಡ್ ಸ್ಪ್ರೂಸ್ ಹಲಗೆಯ ಗಿಟಾರ್. ಪಿಕಪ್ ಇಲ್ಲ. 11ರ ಸೆಟ್ ಹಾಕಿದ್ದೇನೆ, 12ಕ್ಕೆ ಬೆರಳು ಇನ್ನೂ ಒಪ್ಪಿಲ್ಲ. ಅವಳು ಎದುರಿಗೆ ನಿಂತು ಎರಡು ಸಾಲು ಹಾಡಿ, "ಹ್ಞೂಂ, ಇದು ಕೇಳಿಸ್ತದೆ" ಅಂದಳು. ಕೈಗೆ ಇದು ಅಷ್ಟು ಹಿತ ಇಲ್ಲ. ಎಳೆಯುವ ಚಾಳಿ ಬಿಟ್ಟು ಬಲಗೈಯಲ್ಲಿ ಮೀಟುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ.

ನೀಲಿ ಗಿಟಾರನ್ನು ತಗೊಂಡ ಹುಡುಗನಿಗೆ ಬ್ರಿಜ್ ಎದ್ದದ್ದು, 10ರ ತಂತಿ ಮಾತ್ರ ಹಾಕಬೇಕು ಅನ್ನುವುದು ಎಲ್ಲ ಹೇಳಿಯೇ ಕೊಟ್ಟಿದ್ದೆ. ಮೊನ್ನೆ ನೋಡಿದರೆ ಅವನು ಅದನ್ನು 9,000ಕ್ಕೆ ಮಾರಲು ಇಟ್ಟಿದ್ದಾನೆ. "ಹೊಸ ದಪ್ಪ ತಂತಿ ಹಾಕಿದೆ, ಸೂಪರ್ ಸೌಂಡ್" ಅಂತ ಬರೆದಿದ್ದಾನೆ. ರಿಪೇರಿಯ ಸುದ್ದಿಯೇ ಇಲ್ಲ. ದಾವಣಗೆರೆಯಲ್ಲಿ ಯಾರಾದರೂ ನಿಮಗೆ ತೆಳ್ಳಗಿನ ನೀಲಿ ಅಕೂಸ್ಟಿಕ್ ತೋರಿಸಿದರೆ, ಒಂದು ತುಂಡು ಕಾಗದ ತಗೊಂಡು ಬ್ರಿಜ್‌ನ ಹಿಂದಿನ ಅಂಚಿನ ಅಡಿಗೆ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ನೀವು ಎದ್ದು ಬನ್ನಿ.