ಕಪ್ಪು ಬಣ್ಣ ತೋರಿಸದ ಪ್ರೊಜೆಕ್ಟರ್: ಧಾರವಾಡದ ಮನೆಯಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಮಧ್ಯಮ ಬೆಲೆಯ ಎಲ್‌ಇಡಿ ಪ್ರೊಜೆಕ್ಟರ್ ಕೊಂಡು ಕೆಲವು ವರ್ಷ ಆಯಿತು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆಯ ಅಂಗಡಿಯಿಂದ ತಂದಿದ್ದು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಈ ಬೆಲೆಗೆ ಸಿಗುವ, ಎಲ್‌ಇಡಿ ಬೆಳಕನ್ನು ಎಲ್‌ಸಿಡಿ ಫಲಕದ ಮೂಲಕ ಹಾಯಿಸಿ ಚಿತ್ರ ಮೂಡಿಸುವ ಮಾದರಿಗಳ ಗುಣ ಹೆಚ್ಚು ಕಡಿಮೆ ಒಂದೇ. ವಿಮರ್ಶೆ ಮಾಡುವವರು ಇದರ ಮೇಲೆ ಕ್ರಿಕೆಟ್ ಹಾಕಿ ನೋಡುತ್ತಾರೆ, ಕಾರ್ಟೂನ್ ಹಾಕಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಓಡುವುದು ಟರ್ಕಿಯ ನೂರಿ ಬಿಲ್ಗೆ ಜೆಯ್ಲಾನ್, ಹಂಗೇರಿಯ ಬೇಲಾ ತಾರ್, ಪೋರ್ಚುಗಲ್ಲಿನ ಪೆಡ್ರೊ ಕೋಸ್ಟಾ, ಜಪಾನಿನ ಹಮಾಗುಚಿ ಇಂಥ ನಿರ್ದೇಶಕರ ಸಿನಿಮಾಗಳು. ಇವು ನಮ್ಮ ಅವಳಿ ನಗರದ ಥೇಟರಿಗೆ ಬರುವುದು ತೀರಾ ಅಪರೂಪ, ಬೆಂಗಳೂರಿನ ಚಿತ್ರೋತ್ಸವಕ್ಕೆ ಪ್ರತಿ ವರ್ಷ ರಜೆ ಹಾಕಿ ಹೋಗುವುದೂ ಆಗದ ಮಾತು. ಹಾಗಾಗಿ ನಮಗೆ ಮನೆಯ ಗೋಡೆಯೇ ಥೇಟರು. ಇಂಥ ಸಿನಿಮಾ ನೋಡುವವರು ಪ್ರೊಜೆಕ್ಟರ್ ಕೊಳ್ಳುವಾಗ ಏನು ನೋಡಬೇಕು ಅಂತ ಬರೆದವರು ನನಗೆ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಾತ್ರದ ಬಗ್ಗೆ ದೂರಿಲ್ಲ. ಗೋಡೆಯಿಂದ ಸುಮಾರು 9 ಅಡಿ ದೂರ ಇಟ್ಟರೆ ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಬರುತ್ತದೆ, ಅಂದರೆ 7 ಅಡಿಗೂ ಸ್ವಲ್ಪ ಜಾಸ್ತಿ ಅಗಲ. ಮಾಳಮಡ್ಡಿಯ ಹಳೇ ಮನೆಗಳ ನಡುಮನೆಗೆ ಇಷ್ಟು ಸಾಕು. 1080ಪಿ ಚಿತ್ರ ಸ್ವಚ್ಛವಾಗಿದೆ, ಬಣ್ಣವೂ ಚೆನ್ನಾಗಿದೆ.

ತೊಂದರೆ ಇರುವುದು ಕಪ್ಪಿನಲ್ಲಿ. ಎಲ್‌ಸಿಡಿ ಫಲಕ ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಸೋರುತ್ತದೆ. ಕಪ್ಪು ಇರಬೇಕಾದ ಜಾಗದಲ್ಲಿ ಬೂದು ಕಾಣುತ್ತದೆ. ಹಾಡು, ಫೈಟು ಇರುವ ಸಿನಿಮಾದಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಕೋಸ್ಟಾನ 2019ರ ವಿಟಾಲಿನಾ ವರೇಲಾ ಹಾಕಿ ನೋಡಿ. ಗಂಡನ ಮಣ್ಣು ಮುಗಿದು ಮೂರು ದಿನವಾದ ಮೇಲೆ ಕೇಪ್ ವರ್ಡೆಯಿಂದ ಲಿಸ್ಬನ್ನಿಗೆ ಬಂದಿಳಿಯುವ ಹೆಂಗಸಿನ ಕಥೆ ಅದು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಅಲ್ಲಿನ ಮೊದಲ ಪ್ರಶಸ್ತಿ ಚಿನ್ನದ ಚಿರತೆ ಬಂತು, ತನ್ನದೇ ಬದುಕನ್ನು ಅಭಿನಯಿಸಿದ ವಿಟಾಲಿನಾಗೆ ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು. ಇಡೀ ಸಿನಿಮಾದಲ್ಲಿ ಬಿಸಿಲು ಕಾಣುವುದೇ ಕಡಿಮೆ. ಒಂದು ಕೆನ್ನೆ, ಒಂದು ಕೈ, ಬಾಗಿಲಿನ ಒಂದು ಅಂಚು, ಇಷ್ಟಕ್ಕೆ ಮಾತ್ರ ಬೆಳಕು. ಉಳಿದದ್ದೆಲ್ಲ ಕತ್ತಲು, ಆ ಕತ್ತಲಿನ ಒಳಗೇ ಅವಳ ದುಃಖ ಇದೆ. ನನ್ನ ಪ್ರೊಜೆಕ್ಟರಿನಲ್ಲಿ ಮೊದಲ ಸಲ ಹಾಕಿದಾಗ ಅವಳ ಕಪ್ಪು ಬಟ್ಟೆ, ಗೋಡೆ, ಬೀದಿ ಎಲ್ಲ ಕಲಸಿಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಅರ್ಧಕ್ಕೇ ನಿಲ್ಲಿಸಿದೆವು.

ಅದರ ಮೇಲೆ ಅದು ಹಳೇ ಟಿವಿಯ ಥರ ಚೌಕಾಕಾರದ ಚೌಕಟ್ಟಿನ ಸಿನಿಮಾ. ಎರಡೂ ಪಕ್ಕದಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ, ಆ ಪಟ್ಟಿಗಳೂ ಬೂದಾಗಿ ಹೊಳೆಯುತ್ತವೆ. ಪೋಲೆಂಡಿನ ಪಾವ್ಲಿಕೊವ್‌ಸ್ಕಿಯ ಇಡಾ ಸಿನಿಮಾದಲ್ಲೂ ಇದೇ ಕಿರಿಕಿರಿ.

ಪರಿಹಾರ ಸಿಕ್ಕಿದ್ದು ಗೋಡೆಯಲ್ಲಿ. ಬಿಳಿ ಗೋಡೆಗೆ ಹೊಳಪಿಲ್ಲದ ತಿಳಿ ಬೂದು ಪೇಂಟ್ ಹೊಡೆಸಿದೆವು, ಸುತ್ತ ಕಪ್ಪು ಬಟ್ಟೆಯ ಅಂಚು ಕಟ್ಟಿದೆವು, ಚೌಕಾಕಾರದ ಸಿನಿಮಾ ಇದ್ದಾಗ ಪಕ್ಕದ ಪಟ್ಟಿಗಳ ಮೇಲೂ ಕಪ್ಪು ಬಟ್ಟೆ ಇಳಿಬಿಡುತ್ತೇವೆ. ಬೆಳಕು ಸ್ವಲ್ಪ ಕಮ್ಮಿ ಆಯಿತು, ಆದರೆ ಕಪ್ಪು ಕಪ್ಪಾಗಿ ಕಾಣತೊಡಗಿತು. ಸೆಟ್ಟಿಂಗಿನಲ್ಲಿ ಬ್ರೈಟ್‌ನೆಸ್ ಇಳಿಸಿ ಸಿನಿಮಾ ಮೋಡ್ ಇಟ್ಟೆ. ಇಷ್ಟಾದ ಮೇಲೆ ವಿಟಾಲಿನಾಳನ್ನು ಮತ್ತೆ ನೋಡಿದೆವು, ಈ ಸಲ ಕೊನೆಯವರೆಗೂ. ಡಬ್ಬಿಯ ಮೇಲೆ ಹತ್ತು ಸಾವಿರ ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದಿದ್ದರೆ ದಯವಿಟ್ಟು ನಂಬಬೇಡಿ. ಎಎನ್‌ಎಸ್‌ಐ ಲ್ಯೂಮೆನ್, ಅಂದರೆ ನಿಗದಿತ ಮಾನದಂಡದಂತೆ ಅಳೆದ ಬೆಳಕು, ಎಷ್ಟು ಅಂತ ಕೇಳಿ. ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದ ಕೋಣೆಗೆ ನಾಲ್ಕೈದು ನೂರು ಸಾಕಾಗುತ್ತದೆ.

ಇನ್ನೊಂದು ವಿಷಯ ಚಲನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು (ಫ್ರೇಮು ಅಂದರೆ ಒಂದು ಬಿಡಿ ಚಿತ್ರ), ಪ್ರೊಜೆಕ್ಟರ್ ಸುಮ್ನೆ ಬಿಟ್ಟರೆ 60ರಲ್ಲಿ ಓಡುತ್ತದೆ. 24 ಅನ್ನು 60ಕ್ಕೆ ಹೊಂದಿಸಲು ಕೆಲವು ಫ್ರೇಮು ಎರಡು ಸಲ, ಕೆಲವು ಮೂರು ಸಲ ಬರುತ್ತವೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗಿದಾಗ ಚಿತ್ರ ಸಣ್ಣಗೆ ಜಗ್ಗುತ್ತದೆ. ಈ ನಿರ್ದೇಶಕರ ಕ್ಯಾಮೆರಾ ತಿರುಗುವುದೇ ನಿಧಾನಕ್ಕೆ, ಹಾಗಾಗಿ ಅದು ಕಣ್ಣಿಗೆ ಹೊಡೆಯುತ್ತದೆ. ಸ್ಟ್ರೀಮಿಂಗ್ ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಮೂಲ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಇದ್ದರೆ ಆನ್ ಮಾಡಿ, ಚಲನೆಯನ್ನು ನುಣುಪು ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ತಾರ್ ಸಿನಿಮಾ ಕೂಡ ಸೀರಿಯಲ್ ಥರ ಕಾಣುತ್ತದೆ.

ಫ್ಯಾನಿನ ಸದ್ದು ನನ್ನ ಎರಡನೇ ದೊಡ್ಡ ದೂರು. ತಾರ್ ಮತ್ತು ಆಗ್ನೆಸ್ ಹ್ರಾನಿಟ್ಸ್ಕಿಯ 2011ರ ದಿ ಟ್ಯೂರಿನ್ ಹಾರ್ಸ್‌ನಲ್ಲಿ ಇದು ಗೊತ್ತಾಗಲಿಲ್ಲ. ಸುಮಾರು ಎರಡೂವರೆ ಗಂಟೆಯ ಸಿನಿಮಾ, ಬರೀ 30 ಶಾಟು, ಅಪ್ಪ ಮಗಳು ಬೇಯಿಸಿದ ಆಲೂಗಡ್ಡೆ ಸುಲಿದು ತಿನ್ನುತ್ತಾರೆ, ಹೊರಗೆ ಗಾಳಿ ಬೀಸುತ್ತಲೇ ಇರುತ್ತದೆ. ಆ ಗಾಳಿಯಲ್ಲಿ ಫ್ಯಾನ್ ಮುಚ್ಚಿಹೋಯಿತು. ಆದರೆ ಥಾಯ್ ನಿರ್ದೇಶಕ ಅಪಿಚಾಟ್‌ಪಾಂಗ್‌ನ 2021ರ ಮೆಮೋರಿಯಾ ಹಾಗಲ್ಲ. ಕೊಲಂಬಿಯಾದಲ್ಲಿರುವ ಹೆಂಗಸಿಗೆ (ಟಿಲ್ಡಾ ಸ್ವಿಂಟನ್) ಮಾತ್ರ ಆಗಾಗ 'ಧಡ್' ಅನ್ನುವ ಸದ್ದು ಕೇಳುತ್ತದೆ. ಅದಕ್ಕೆ ಮುಂಚಿನ ನಿಶ್ಶಬ್ದ ಸಿಗದಿದ್ದರೆ ಆ ಸದ್ದಿಗೆ ಬೆಲೆಯೇ ಇಲ್ಲ. ಅಮೆರಿಕದಲ್ಲಿ ಇದನ್ನು ಥೇಟರಿನಲ್ಲಿ ಮಾತ್ರ, ಊರಿಂದ ಊರಿಗೆ ಒಯ್ದು ತೋರಿಸುವುದಾಗಿ ವಿತರಕರು ಘೋಷಿಸಿದ್ದು ಯಾಕೆ ಅಂತ ನಮ್ಮ ಫ್ಯಾನಿನ ಗುಂಯ್ ಕೇಳುತ್ತಾ ಕೂತಾಗ ಅರ್ಥವಾಯಿತು. ಆಮೇಲೆ ಪ್ರೊಜೆಕ್ಟರನ್ನು ನಮ್ಮ ತಲೆಯ ಹಿಂದೆ ಎತ್ತರದ ಕಪಾಟಿನ ಮೇಲೆ ಇಟ್ಟೆ, ಬೇರೆ ಸ್ಪೀಕರುಗಳನ್ನು ವೈರಿನಲ್ಲೇ ಜೋಡಿಸಿದೆ. ಬ್ಲೂಟೂತ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಎತ್ತರಕ್ಕೆ ಇಟ್ಟಾಗ ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಸೆಟ್ಟಿಂಗ್ ಬಳಸಿದರೆ ಚಿತ್ರ ಸ್ವಲ್ಪ ಮಸುಕಾಗುತ್ತದೆ ಅನ್ನುವುದೂ ನೆನಪಿರಲಿ.

ಬಾಳಿಕೆ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಹಮಾಗುಚಿಯ ಡ್ರೈವ್ ಮೈ ಕಾರ್ 179 ನಿಮಿಷ. ನಟರು, ತಂತ್ರಜ್ಞರ ಹೆಸರುಗಳು ಪರದೆ ಮೇಲೆ ಬರುವುದೇ ಸುಮಾರು 40 ನಿಮಿಷ ಆದ ಮೇಲೆ. ಏಪ್ರಿಲ್ ಸೆಕೆಯಲ್ಲಿ ಅದನ್ನು ಒಂದೇ ಸಲಕ್ಕೆ ನೋಡಿದೆವು, ಯಂತ್ರ ನಿಲ್ಲಲಿಲ್ಲ. ಕರೆಂಟ್ ಹೋಗಿ ಬಂದರೂ ಎಲ್‌ಇಡಿಗೆ ಹಳೇ ಬಲ್ಬಿನ ಪ್ರೊಜೆಕ್ಟರುಗಳಷ್ಟು ಭಯ ಇಲ್ಲ. ಚಿಕ್ಕ ಯುಪಿಎಸ್ ಒಂದಿದ್ದರೆ ಸಾಕು.

ಕರೆಂಟ್ ಅಂದಾಗ ಒಂದು ಹೇಳಲೇಬೇಕು. ಜೆಯ್ಲಾನ್‌ನ ಒನ್ಸ್ ಅಪಾನ್ ಎ ಟೈಮ್ ಇನ್ ಅನಟೋಲಿಯಾದಲ್ಲಿ (2011) ಪೊಲೀಸರು ಇಡೀ ರಾತ್ರಿ ಕಾರುಗಳ ಹೆಡ್‌ಲೈಟಿನಲ್ಲಿ ಹೆಣ ಹುಡುಕುತ್ತಾರೆ. ನಡುವೆ ಹಳ್ಳಿಯ ಮುಖ್ಯಸ್ಥನ ಮನೆಗೆ ಊಟಕ್ಕೆ ಹೋದಾಗ ಕರೆಂಟ್ ಹೋಗುತ್ತದೆ, ಅವನ ಮಗಳು ದೀಪ ಇಟ್ಟ ತಟ್ಟೆಯಲ್ಲಿ ಎಲ್ಲರಿಗೂ ಚಹಾ ತರುತ್ತಾಳೆ. ಆ ಒಂದು ದೀಪದ ಬೆಳಕಿನಲ್ಲಿ ಸುಸ್ತಾದ ಗಂಡಸರ ಮುಖ ಒಂದೊಂದಾಗಿ ಬದಲಾಗುತ್ತದೆ. ಸಬ್‌ಟೈಟಲ್ ಓದಲು ಬಾರದ ನಮ್ಮ ಅವ್ವ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವಳು, "ನಮ್ಮೂರಾಗೂ ಹಿಂಗ ಕಂದೀಲ ಹಿಡ್ಕೊಂಡು ಚಹಾ ಕೊಡ್ತಿದ್ವಿ ನೋಡು" ಅಂದಳು. ಆಮೇಲೆ ಕೊನೆಯವರೆಗೂ ಎದ್ದು ಹೋಗಲಿಲ್ಲ. ಫೋನಿನಲ್ಲಿ ತೋರಿಸಿದ್ದರೆ ಇದು ಆಗುತ್ತಿರಲಿಲ್ಲ. ಕಂತು ಕಟ್ಟಿದ್ದು ಸಾರ್ಥಕ ಅನಿಸಿದ್ದು ಆವತ್ತೇ.

ಸಬ್‌ಟೈಟಲ್ ಬಣ್ಣವನ್ನು ಬಿಳಿಯಿಂದ ಬೂದು ಬಣ್ಣಕ್ಕೆ ಬದಲಾಯಿಸಿ. ಕತ್ತಲ ದೃಶ್ಯದಲ್ಲಿ ಬಿಳಿ ಅಕ್ಷರ ಕೋಣೆಯನ್ನೇ ಬೆಳಗಿಸಿಬಿಡುತ್ತದೆ.

ಕೆಟ್ಟದ್ದು ಧೂಳು. ನಮ್ಮ ಬೇಸಿಗೆಯ ಧೂಳು ಒಳಗಿನ ಫಲಕದ ಮೇಲೆ ಕೂತು, ಕತ್ತಲ ದೃಶ್ಯಗಳಲ್ಲಿ ಮಸುಕು ಚುಕ್ಕೆ ಕಾಣತೊಡಗಿತು. ಕಂಪನಿಯವರು ಬೆಂಗಳೂರಿಗೆ ಕಳಿಸಿ ಅಂದರು. ಕೊನೆಗೆ ಹುಬ್ಬಳ್ಳಿಯ ರಿಪೇರಿಯವರೇ ಬಿಚ್ಚಿ ಒರೆಸಿಕೊಟ್ಟರು, ವಾರಂಟಿ ಹೋಯಿತು. ಈಗ ಕೊಳ್ಳುವುದಾದರೆ ಒಳಗಿನ ಆಪ್ಟಿಕಲ್ ಎಂಜಿನ್ (ಚಿತ್ರ ಮೂಡಿಸುವ ಭಾಗ) ಧೂಳು ಹೋಗದಂತೆ ಸೀಲ್ ಆಗಿರುವುದನ್ನೇ ಕೊಳ್ಳುತ್ತೇನೆ. ಎಲ್‌ಸಿಡಿ ಬದಲು ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಮಾದರಿಗಳನ್ನೂ ನೋಡುತ್ತೇನೆ, ಆದರೆ ಕೆಲವರ ಕಣ್ಣಿಗೆ ಅದರಲ್ಲಿ ಕಾಮನಬಿಲ್ಲಿನ ಬಣ್ಣದ ಎಳೆಗಳು ಮಿಂಚುತ್ತವೆ, ಹಾಗಾಗಿ ಅಂಗಡಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ.

ಅಂಗಡಿಯಲ್ಲಿ ಅವರು ಹಾಕುವ ಹೂವು, ಮೀನಿನ ಡೆಮೊ ಮುಗಿಯಲಿ. ಆಮೇಲೆ ಲೈಟ್ ಆರಿಸಲು ಹೇಳಿ, ನಿಮ್ಮ ಫೋನಿನಿಂದ ವಿಟಾಲಿನಾ ವರೇಲಾದ ಟ್ರೇಲರ್ ಹಾಕಿಸಿ. ಅವಳ ಬಟ್ಟೆಯ ಅಂಚು ಕತ್ತಲಿನಿಂದ ಬೇರೆಯಾಗಿ ಕಂಡರೆ ರೇಟು ಮಾತಾಡಿ, ಕಾಣದಿದ್ದರೆ ಮುಂದಿನ ಅಂಗಡಿಗೆ ಹೋಗಿ.