ಈಗಷ್ಟೇ ಮೊಟ್ಟೆ ಒಡೆದು ಬಂದ ಬಾತುಮರಿಗೆ ಯಾವ ಅರಿವಳಿಕೆ?

ಕುಂಬಳೆ, ಪೆರ್ಲ ಕಡೆಯಿಂದ ನನ್ನ ಹತ್ರ ಬರುವ ಬಾತುಮರಿಗಳಲ್ಲಿ ಎರಡು ತೊಂದರೆ ಜಾಸ್ತಿ. ಹೊಕ್ಕುಳಿನಲ್ಲಿ ಹಳದಿ ಚೀಲ (ಮೊಟ್ಟೆಯ ಹಳದಿ ಭಾಗ ಇರುವ ಚೀಲ) ಒಳಗೆ ಹೋಗದೆ ಹೊರಗೇ ಉಳಿದಿರುತ್ತದೆ, ಇಲ್ಲವೇ ಕಾಗೆ ಕುಕ್ಕಿ ಬೆನ್ನಿನ ಚರ್ಮ ಹರಿದಿರುತ್ತದೆ. ಮರಿಯ ತೂಕ ಸುಮಾರು 40 ಗ್ರಾಂ. ಮೈಯಲ್ಲಿರುವ ರಕ್ತ ಹೆಚ್ಚೆಂದರೆ 4 ಮಿ.ಲೀ. ಏಳೆಂಟು ಹನಿ ಹೋದರೇ ಚಿಂತೆ ಶುರು. ಇಂಥದ್ದಕ್ಕೆ ನಾನು ಬಳಸಿ ನೋಡಿದ ದಾರಿಗಳನ್ನು ಇಲ್ಲಿ ಹೋಲಿಸುತ್ತೇನೆ.

ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲಿಡೋಕೇನ್ ಒಂದನ್ನೇ ಕೊಟ್ಟು ಹೊಲಿಯುವುದು ಸುಲಭ ಅನ್ನಿಸುತ್ತದೆ. ಆದರೆ ಹಕ್ಕಿಗಳಿಗೆ ಅದು ಬೇಗ ವಿಷವಾಗುತ್ತದೆ. ಕೆ.ಜಿ.ಗೆ 4 ಮಿ.ಗ್ರಾಂ ಎಂದು ಹಿಡಿದರೂ ಈ ಮರಿಗೆ ಸಿಗುವುದು 0.16 ಮಿ.ಗ್ರಾಂ. ಅಂಗಡಿಯ 2 ಶೇಕಡಾ ಸೀಸೆಯಲ್ಲಿ ಅದು 0.008 ಮಿ.ಲೀ.! ಸೂಜಿಯ ಬುಡದಲ್ಲಿ ಉಳಿಯುವ ಮದ್ದೇ ಅದಕ್ಕಿಂತ ಜಾಸ್ತಿ. ಸಲೈನಿನಲ್ಲಿ ಹತ್ತು ಪಟ್ಟು ತೆಳು ಮಾಡಿ ಕೊಡಬೇಕು. ನೋವು ನಿಂತರೂ ಮರಿ ಒದ್ದಾಡುವುದು ನಿಲ್ಲುವುದಿಲ್ಲ. ಹಾಗಾಗಿ ನನಗೆ ಇದು ಜತೆಗಿರುವ ಮದ್ದು ಮಾತ್ರ.

ಮರಿಯನ್ನು ಮಲಗಿಸುವ ಕೆಟಮಿನ್ ಮತ್ತು ಮಿಡಜೋಲಾಮ್ ಇಂಜೆಕ್ಷನ್‌ಗೆ ಯಂತ್ರ ಬೇಡ, ಕರೆಂಟ್ ಬೇಡ. ಮಳೆಗಾಲದಲ್ಲಿ ಇದೇ ದೊಡ್ಡ ಅನುಕೂಲ. ಕೆಟಮಿನ್ ಒಂದೇ ಕೊಟ್ಟರೆ ಮೈ ಬಿಗಿಯುತ್ತದೆ, ಅದಕ್ಕೇ ಮೈ ಸಡಿಲಿಸುವ ಎರಡನೆಯದು. ಆದರೆ ಒಳಗೆ ಹೋದ ಕೆಟಮಿನನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಮರಿ ಏಳಲು ಹೊತ್ತು ಹಿಡಿಯುತ್ತದೆ, ಏಳುವಾಗ ರೆಕ್ಕೆ ಬಡಿದು ಕತ್ತು ತಿರುಚುತ್ತದೆ. ಅಷ್ಟು ಹೊತ್ತೂ ಮೈ ತಣ್ಣಗಾಗುತ್ತಾ ಇರುತ್ತದೆ. ಇಷ್ಟು ಚಿಕ್ಕ ಜೀವಕ್ಕೆ ಚಳಿಯೇ ಅರ್ಧ ಸಾವು.

ನನ್ನ ಆಯ್ಕೆ ಐಸೋಫ್ಲುರೇನ್, ಯಂತ್ರದಿಂದ ಆಕ್ಸಿಜನ್ ಜತೆ ಕೊಡುವ ಅರಿವಳಿಕೆ ಆವಿ. ಅದು ಉಸಿರಿನಲ್ಲಿ ಬಂದು ಬಹುಪಾಲು ಉಸಿರಿನಲ್ಲೇ ಹೋಗುತ್ತದೆ, ಇನ್ನೂ ಬಲಿಯದ ಲಿವರಿಗೆ ಹೊರೆ ಬೀಳುವುದಿಲ್ಲ. ಯಂತ್ರದ ಡಯಲ್ ತಿರುಗಿಸಿದರೆ ಅರಿವಳಿಕೆಯ ಆಳ ಬದಲಾಗುತ್ತದೆ. ತೊಡಕಿರುವುದು ಆರಂಭದಲ್ಲಿ. ಬಾತುಕೋಳಿ ನೀರಲ್ಲಿ ಮುಳುಗುವ ಜಾತಿ ಅಲ್ವಾ? ಕೊಕ್ಕಿಗೆ ಮಾಸ್ಕ್ ಒತ್ತಿದರೆ ನೀರು ಮುಟ್ಟಿದ ಹಾಗೆ ಉಸಿರು ಕಟ್ಟುತ್ತದೆ, ಎದೆಬಡಿತ ಇಳಿಯುತ್ತದೆ. ಗಾಬರಿಯಿಂದ ಡಯಲ್ ಏರಿಸಿದರೆ ಮರಿ ಒಮ್ಮೆಲೇ ದೊಡ್ಡ ಉಸಿರು ಎಳೆದುಕೊಂಡು ಆಳಕ್ಕೆ ಹೋಗಿಬಿಡುತ್ತದೆ. ಅದಕ್ಕೇ ನಾನು ಮೊದಲು ಮರಿಯನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಬರೀ ಆಕ್ಸಿಜನ್ ಬಿಡುತ್ತೇನೆ. ಆಮೇಲೆ ಐಸೋಫ್ಲುರೇನ್ ನಿಧಾನವಾಗಿ 3 ಶೇಕಡಾವರೆಗೆ. ಕತ್ತು ಬಾಗಿದ ಮೇಲೆ ಹೊರಗೆ ತೆಗೆದು ಮಾಸ್ಕ್, 1.5–2 ಶೇಕಡಾಕ್ಕೆ ಇಳಿಕೆ. ಮಾಸ್ಕ್ ಎಂದರೆ ಸಿರಿಂಜಿನ ಕೊಳವೆ, ಅದರ ಬಾಯಿಗೆ ಕಟ್ಟಿದ ಗ್ಲೌಸ್ ತುಂಡು, ನಡುವೆ ಕೊಕ್ಕು ಹಿಡಿಯುವಷ್ಟು ತೂತು. ದೊಡ್ಡ ಮಾಸ್ಕಿನಲ್ಲಿ ಬಿಟ್ಟ ಗಾಳಿಯನ್ನೇ ಮರಿ ಮತ್ತೆ ಎಳೆಯುತ್ತದೆ.

ಮರಿಯನ್ನು ಹಿಡಿಯುವಾಗ ಎದೆ ಒತ್ತಬಾರದು. ಹಕ್ಕಿಗೆ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೇ ಗಾಳಿ. ಬಟ್ಟೆಯ ಭಾರಕ್ಕೂ ಉಸಿರು ನಿಲ್ಲಬಹುದು. ಸ್ಪಿರಿಟ್ ಒರೆಸಬೇಡಿ, ಅದು ಆರುವಾಗ ಮೈಯ ಬಿಸಿ ಎಳೆಯುತ್ತದೆ. ಬೆಚ್ಚಗಿನ ಪೊವಿಡೋನ್ ಸಾಕು.

ಇದೇ ಥರದ ಇನ್ನೊಂದು ಆವಿ ಸೀವೋಫ್ಲುರೇನ್. ಅದರ ವಾಸನೆ ಕಡಿಮೆ, ಏಳುವುದು ಇನ್ನೂ ಬೇಗ. ಬೆಲೆ ಮಾತ್ರ ಜಾಸ್ತಿ. ಐದಾರು ಹೊಲಿಗೆಯ ಕೆಲಸಕ್ಕೆ ಆ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣಲಿಲ್ಲ.

ಯಂತ್ರ ಇಲ್ಲದ ಕಡೆ ಹಳದಿ ಚೀಲದ ಮರಿ ಬಂದರೆ? ಚೀಲ ಒಡೆದಿಲ್ಲವಾದರೆ ಒದ್ದೆ ಹತ್ತಿ ಸುತ್ತಿ, ಮರಿಯನ್ನು ಬೆಚ್ಚಗಿಟ್ಟು, ಯಂತ್ರ ಇರುವಲ್ಲಿಗೆ ಕಳಿಸುವುದೇ ಒಳ್ಳೆಯದು. ಹೊಟ್ಟೆಗಿಲ್ಲದೆ ಬಹಳ ಹೊತ್ತು ಇಡಬೇಡಿ. ಚೀಲ ಒಡೆದು ಸೋರುತ್ತಿದ್ದರೆ ಮಾತ್ರ ತೆಳು ಮಾಡಿದ ಕೆಟಮಿನ್-ಮಿಡಜೋಲಾಮ್ ಇಂಜೆಕ್ಷನ್ ಹಿಡಿಯಿರಿ, ಮರಿ ತಾನೇ ಎದ್ದು ನಿಲ್ಲುವವರೆಗೆ ಕೈ ಬಿಡಬೇಡಿ.